ಸಪ್ತಾಂಗ: ಏಳು ಹೆಸರುಗಳ ಸಾಲನ್ನು ನಾನು ಓದುವ ಕ್ರಮ

ಸ್ವಾಮಿ (ರಾಜ), ಅಮಾತ್ಯ (ಮಂತ್ರಿ, ಅಧಿಕಾರಿಗಳು), ಜನಪದ (ನಾಡು, ಅದರ ಜನ), ದುರ್ಗ (ಕೋಟೆ), ಕೋಶ (ಬೊಕ್ಕಸ), ದಂಡ (ಸೇನೆ), ಮಿತ್ರ (ಸ್ನೇಹಿತ ರಾಜ): ಕೌಟಿಲ್ಯನ ರಾಜನೀತಿ ಗ್ರಂಥ ಅರ್ಥಶಾಸ್ತ್ರದ ಪ್ರಕಾರ ರಾಜ್ಯದ ಏಳು ಅಂಗಗಳಿವು. ಪರೀಕ್ಷೆಗೆ ಓದುವವರು ಈ ಏಳನ್ನು ಬಾಯಿಪಾಠ ಮಾಡಿ, ಒಂದೊಂದಕ್ಕೆ ಎರಡು ಸಾಲು ವಿವರಣೆ ಬರೆದು ಮುಂದೆ ಹೋಗುತ್ತಾರೆ. ಆಗ ಉಳಿಯುವುದು ಬರೀ ಪಟ್ಟಿ. ನಿಜವಾದ ಜಗಳ ನಡೆದಿರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ.

ಅರ್ಥಶಾಸ್ತ್ರದಲ್ಲಿ 15 ಅಧಿಕರಣ (ದೊಡ್ಡ ಭಾಗ), 150 ಅಧ್ಯಾಯ. ಮೊದಲ ಪುಟದಿಂದ ಹೊರಟರೆ ಎರಡನೆಯ ಅಧಿಕರಣದ 36 ಅಧ್ಯಾಯಗಳಲ್ಲಿ, ಅಧ್ಯಕ್ಷರು (ಇಲಾಖೆಗಳ ಮೇಲಧಿಕಾರಿಗಳು), ಸುಂಕ, ತೂಕ-ಅಳತೆಗಳ ನಡುವೆ ಸಿಕ್ಕಿಕೊಳ್ಳುತ್ತೇವೆ. ಹಾಗಾಗಿ ನಾನು 6ನೆಯ ಅಧಿಕರಣದಿಂದ ಶುರು ಮಾಡುತ್ತೇನೆ. ಅಲ್ಲಿರುವುದು ಎರಡೇ ಅಧ್ಯಾಯ: ಒಂದರಲ್ಲಿ ಏಳು ಅಂಗಗಳ ಗುಣ, ಇನ್ನೊಂದರಲ್ಲಿ ರಾಜಮಂಡಲ, ಎಂದರೆ ಒಬ್ಬ ರಾಜನ ಸುತ್ತಲಿನ ಶತ್ರು, ಮಿತ್ರ ರಾಜರ ವರ್ತುಲ. ಅಲ್ಲಿಂದ ನೇರವಾಗಿ 8.1ಕ್ಕೆ, ಎಂದರೆ 8ನೆಯ ಅಧಿಕರಣದ ಮೊದಲ ಅಧ್ಯಾಯಕ್ಕೆ. ಗುರುತು ಹಾಕುವಾಗ ಅಧಿಕರಣ, ಅಧ್ಯಾಯದ ಸಂಖ್ಯೆಯನ್ನೇ ಬರೆಯಿರಿ. ಪುಟಸಂಖ್ಯೆ ಬರೆದರೆ ಶಾಮಶಾಸ್ತ್ರಿಗಳ 1909ರ ಮೈಸೂರು ಮುದ್ರಣಕ್ಕೂ ಆಮೇಲಿನವಕ್ಕೂ ತಾಳೆಯಾಗುವುದಿಲ್ಲ.

ಒಂದು ಹಾಳೆಯನ್ನು ಅಡ್ಡಲಾಗಿಟ್ಟು ಏಳು ಮನೆ ಗೀಟು ಹಾಕಿ. 8.1ರ ಪ್ರಶ್ನೆ: ಎರಡು ಅಂಗಗಳಿಗೆ ಒಟ್ಟಿಗೆ ಕೇಡು ಬಂದರೆ ಯಾವುದು ಹೆಚ್ಚು ಅಪಾಯ? ಸಾಲಿನಲ್ಲಿ ಮೊದಲು ಬರುವುದೇ ಹೆಚ್ಚು ಎನ್ನುವುದು ಆಚಾರ್ಯರ ಮತ. ಇದನ್ನು ಕೌಟಿಲ್ಯನಿಗಿಂತ ಹಿಂದಿನ ಆರು ಜನ ರಾಜನೀತಿಜ್ಞರು ಒಬ್ಬೊಬ್ಬರಾಗಿ ತಿರುಗಿಸುತ್ತಾರೆ. ಸ್ವಾಮಿಗಿಂತ ಅಮಾತ್ಯನ ಕೇಡು ದೊಡ್ಡದು ಎಂದು ಭಾರದ್ವಾಜ, ಅಮಾತ್ಯನಿಗಿಂತ ಜನಪದದ್ದು ಎಂದು ವಿಶಾಲಾಕ್ಷ, ಜನಪದಕ್ಕಿಂತ ದುರ್ಗದ್ದು ಎಂದು ಪರಾಶರರು. ಹೀಗೇ ಪಿಶುನ ಕೋಶವನ್ನು, ಕೌಣಪದಂತ ದಂಡವನ್ನು, ವಾತವ್ಯಾಧಿ ಮಿತ್ರನನ್ನು ಮುಂದೆ ತರುತ್ತಾರೆ. ಪ್ರತಿ ಹೆಸರನ್ನೂ ಎರಡು ಮನೆಗಳ ನಡುವಿನ ಗೀಟಿನ ಮೇಲೆ ಬಾಣದ ಗುರುತಿನೊಂದಿಗೆ ಬರೆಯಿರಿ. ಆರು ಗೀಟಿಗೆ ಆರು ಬಾಣ ಸರಿಯಾಗಿ ಕೂರುತ್ತವೆ. ಕೌಟಿಲ್ಯನ ಉತ್ತರವನ್ನು ಆಯಾ ಬಾಣದ ಕೆಳಗೆ ಬೇರೆ ಶಾಯಿಯಲ್ಲಿ ಬರೆಯುತ್ತೇನೆ. ಮಂತ್ರಿ, ಪುರೋಹಿತರನ್ನು ನೇಮಿಸುವವನೇ ರಾಜ ಎಂದು ಭಾರದ್ವಾಜನಿಗೆ ಉತ್ತರ. ದುರ್ಗ, ಕೋಶ, ಸೇನೆ ಎಲ್ಲಕ್ಕೂ ಜನಪದವೇ ಮೂಲ ಎಂದು ಪರಾಶರರಿಗೆ. ಆದರೆ ಇದೇ ಉತ್ತರದ ಕೊನೆಯಲ್ಲಿ ಒಂದು ಷರತ್ತಿದೆ, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ: ಬೇಸಾಯಗಾರರೇ ಹೆಚ್ಚಿರುವ ನಾಡಿನಲ್ಲಿ ದುರ್ಗದ ಕೇಡು ಭಾರ, ಆಯುಧ ಹಿಡಿಯುವವರು ಹೆಚ್ಚಿರುವಲ್ಲಿ ಜನಪದದ್ದು. ಸಿದ್ಧಾಂತವನ್ನು ನೆಲದ ಸ್ಥಿತಿಗೆ ಒಗ್ಗಿಸುವ ಈ ಮಾತು ಇಡೀ ಅಧ್ಯಾಯದಲ್ಲಿ ನನಗೆ ತುಂಬ ಬೆಲೆಯುಳ್ಳದ್ದು.

ಎಡವುವ ಜಾಗ ಎರಡು. 1.4ರ 'ದಂಡ' ಶಿಕ್ಷೆ, ಈ ಸಾಲಿನ 'ದಂಡ' ಸೇನೆ. ಎರಡನ್ನೂ ಒಂದೇ ಮಾಡಿದರೆ ಕೋಶ-ದಂಡದ ವಾದವೇ ಅರ್ಥವಾಗದು. ಇನ್ನೊಂದು, ಮಂಡಲದ ಲೆಕ್ಕ. 12 ರಾಜರಿಗೆ ಏಳರಂತೆ 84 ಎಂದು ಗುಣಿಸುವವರಿದ್ದಾರೆ. ಗ್ರಂಥ ಹೇಳುವುದು 72: ರಾಜರು 12, ಅಮಾತ್ಯದಿಂದ ದಂಡದವರೆಗೆ ತಲಾ ಐದರಂತೆ 60. ಮಿತ್ರ ಸ್ವತಃ ಇನ್ನೊಬ್ಬ ರಾಜ, ಮಂಡಲದಲ್ಲಿ ಅವನ ಎಣಿಕೆ ಆಗಲೇ ಆಗಿರುತ್ತದೆ. ಹೆಸರು ಬರೆಯುತ್ತಾ ಹೋಗಿ ಹತ್ತಕ್ಕೇ ನಿಂತರೆ ಮಧ್ಯಮ (ನಡುವಿನ ಬಲಶಾಲಿ), ಉದಾಸೀನ (ಹೊರಗುಳಿದ ಬಲಶಾಲಿ) ರಾಜರನ್ನು ಮರೆತಿದ್ದೀರಿ.

ಆಮೇಲೆ ಅದೇ ಹಾಳೆಯಲ್ಲಿ ಕೆಳಗೆ ಬೇರೆ ಗ್ರಂಥಗಳ ಸಾಲು. ಮನುಸ್ಮೃತಿ 9.294ರಲ್ಲಿ ಪುರ ಮೊದಲು, ರಾಷ್ಟ್ರ ಆಮೇಲೆ, ದುರ್ಗ-ಜನಪದ ಅದಲುಬದಲಾಗಿವೆ. ಮುಂದಿನ ಶ್ಲೋಕ ಮೊದಲಿನದರ ಕೇಡೇ ದೊಡ್ಡದು ಎನ್ನುತ್ತದೆ, ಅದರ ಬೆನ್ನಿಗೇ ಸನ್ಯಾಸಿಯ ತ್ರಿದಂಡದಂತೆ (ಒಟ್ಟಿಗೆ ಕಟ್ಟಿದ ಮೂರು ಕೋಲು) ಯಾವುದೂ ಹೆಚ್ಚಲ್ಲ ಎಂಬ ಮಾತೂ ಬರುತ್ತದೆ. ಎರಡನ್ನೂ ಬರೆದುಕೊಳ್ಳಿ, ಒಂದನ್ನು ಅಳಿಸಿ ಸರಿಮಾಡಲು ಹೋಗಬೇಡಿ. ಅಮರಕೋಶದಲ್ಲಿ ಸುಹೃತ್ (ಮಿತ್ರ) ಮೂರನೆಯದಾಗಿ ಬರುತ್ತದೆ. ಅದು ನಿಘಂಟು, ಪದಗಳು ಛಂದಸ್ಸಿಗೆ ತಕ್ಕಂತೆ ಕೂತಿವೆ. ಆ ಸಾಲಿಗೆ ಬಾಣ ಹಾಕಬಾರದು.

ಹತ್ತನೆಯ ಶತಮಾನದ ಜೈನ ಆಚಾರ್ಯ ಸೋಮದೇವಸೂರಿಯ ನೀತಿವಾಕ್ಯಾಮೃತದಲ್ಲಿ ಅನುಕ್ರಮ ಕೌಟಿಲ್ಯನದೇ, ದಂಡದ ಜಾಗದಲ್ಲಿ 'ಬಲ'. ಆದರೆ ಮೊದಲ ಸೂತ್ರದಲ್ಲಿ ನಿಲ್ಲಿ: ಧರ್ಮ, ಅರ್ಥ, ಕಾಮಗಳನ್ನು ಕೊಡುವ ರಾಜ್ಯಕ್ಕೆ ನಮಸ್ಕಾರ ಎನ್ನುತ್ತಾನೆ. ನಮಸ್ಕಾರ ರಾಜನಿಗಲ್ಲ, ರಾಜ್ಯಕ್ಕೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸಕ್ಕೆ ಬಂದರೆ 100 ಅಧ್ಯಾಯಗಳು, 20ರಂತೆ ಐದು ವಿಂಶತಿ. ಏಳು ಅಂಗಗಳು ಎರಡನೆಯ ವಿಂಶತಿಯಲ್ಲೇ ಮುಗಿಯುತ್ತವೆ. ಉಳಿದ ಮೂರು ಭೋಗ, ವಿನೋದ, ಕ್ರೀಡೆಗೆ. ಈ ಸಾಲಿನ ಪಕ್ಕ ಅಂಗಗಳ ಕ್ರಮದ ಜೊತೆಗೆ ಅಧ್ಯಾಯಗಳ ಸಂಖ್ಯೆಯನ್ನೂ ಬರೆದಿಡುತ್ತೇನೆ.