ನನ್ನ ಕಂಡಕ್ಟರ್ ಮಲ್ಲೇಶಪ್ಪ ಹುಟ್ಟಿದ್ದು ಹೀಗೆ

"ಒಳ್ಳೆಯವನ ಕಥೆ ಯಾರು ಓದ್ತಾರೆ? ಅವನಲ್ಲೂ ಏನಾದ್ರೂ ಕೊಳಕು ತೋರಿಸಿ" ಅಂತ ಒಬ್ಬ ಪ್ರಕಾಶಕರು ಹೇಳಿದ್ದರು. ಬರೆಯುವ ಗೆಳೆಯರದ್ದೂ ಅದೇ ಮಾತು. ಈಗ ಒಬ್ಬ ಒಳ್ಳೆಯವನದೇ ಕಥೆ, ನನ್ನ ಕಂಡಕ್ಟರ್ ಮಲ್ಲೇಶಪ್ಪನ ಪುಸ್ತಕ, ಎರಡನೇ ಮುದ್ರಣಕ್ಕೆ ಹೋಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಲೆಕ್ಕ. ನನ್ನ ಮೊದಲ ಕಾದಂಬರಿಯ ನಾಯಕ ಒಬ್ಬ ಮೇಷ್ಟ್ರು. ಪ್ರಾಮಾಣಿಕ, ಧೈರ್ಯವಂತ, ಕರುಣೆ ಬೇರೆ. ಸ್ವಂತ ದುಡ್ಡಲ್ಲಿ 500 ಪ್ರತಿ ಹಾಕಿಸಿದೆ. ಡಿಟಿಪಿ, ಮುಖಪುಟ, ಮುದ್ರಣ ಸೇರಿ ಹತ್ತಿರ ಹತ್ತಿರ 45 ಸಾವಿರ. ಹೋಗಿದ್ದು 120 ಇರಬಹುದು, ಅದರಲ್ಲೂ ಅರ್ಧ ನೆಂಟರಿಗೆ. ಉಳಿದ ಕಟ್ಟುಗಳು ಇನ್ನೂ ಅಟ್ಟದ ಮೇಲಿವೆ. ಎರಡನೆಯದರಲ್ಲಿ ಪೂರ್ತಿ ಉಲ್ಟಾ ಹೋದೆ. ನಾಯಕ ಕುಡುಕ, ಸಿಡುಕ, ಹೆಂಡತಿ ಬಿಟ್ಟವನು. ಹಸ್ತಪ್ರತಿ ಓದಿದ ಮೂವರೂ ಅರ್ಧಕ್ಕೇ ನಿಲ್ಲಿಸಿದರು. "ಇವನ ಜೊತೆ ಇನ್ನೂರು ಪುಟ ಯಾಕೆ ಕೂತಿರಬೇಕು?" ಅಂತ ಒಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಡುವೆ ಪಾತ್ರಕ್ಕೊಂದು ನೋಟ್‌ಬುಕ್ ಇಟ್ಟು, ಹುಟ್ಟಿದ ದಿನ, ಇಷ್ಟದ ಬಣ್ಣ, ಭಯ ಅಂತೆಲ್ಲ ತುಂಬಿಸಿದ್ದೂ ಆಯಿತು. ನಾಲ್ಕು ತಿಂಗಳು ಹೋಯಿತು. ಅದರಿಂದ ಒಂದು ಸಾಲೂ ಕಥೆಗೆ ಬರಲಿಲ್ಲ.

ಮಲ್ಲೇಶಪ್ಪನಿಗೆ ಒಂದೇ ಗುಣ ಕೊಟ್ಟೆ. ಯಾರ ಚಿಲ್ಲರೆಯೂ ತನ್ನ ಹತ್ತಿರ ಉಳಿಯಬಾರದು. ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು "ಇಳಿಯುವಾಗ ಕೇಳಿ" ಅನ್ನುವುದು ನಮಗೆಲ್ಲ ಗೊತ್ತು. ಮರೆತು ಇಳಿದಿದ್ದೂ ಇದೆ, ಅಲ್ವಾ? ಓದುಗರು ಅವನ ಕೈ ಹಿಡಿಯುವುದು ಅಲ್ಲೇ. 'ಪ್ರಾಮಾಣಿಕ' ಅನ್ನುವ ಪದ ಇಡೀ ಪುಸ್ತಕದಲ್ಲಿ ಒಂದು ಸಲವೂ ಬಂದಿಲ್ಲ. ತುಮಕೂರು–ಅರಸೀಕೆರೆ ಬಸ್ಸು. ಗುಬ್ಬಿಯಲ್ಲಿ ಒಬ್ಬ ಅಜ್ಜಿ 12 ರೂಪಾಯಿ ಮರೆತು ಇಳಿದುಬಿಡುತ್ತಾಳೆ. ನಿಟ್ಟೂರು ದಾಟಿದ ಮೇಲೆ ಇವನಿಗೆ ನೆನಪಾಗುತ್ತದೆ. ಹತ್ತರ ನೋಟಿನಲ್ಲಿ ಎರಡು ರೂಪಾಯಿ ನಾಣ್ಯ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, 'ಗುಬ್ಬಿ, ಹಸಿರು ಸೀರೆ, ಕೋಳಿ ಬುಟ್ಟಿ' ಅಂತ ಚೀಟಿ ಸಿಕ್ಕಿಸಿ ಬ್ಯಾಗಿನ ಒಳಖಾನೆಗೆ ಇಡುತ್ತಾನೆ.

ಈ ಪುಟವನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅವಳು ಅವರೆಕಾಳು ಹಿದುಕುತ್ತಾ ಕೂತಿದ್ದಳು. ಕೈ ನಿಂತಿತು. "ಆ ಮುದುಕಿ ಆಮೇಲೆ ಸಿಕ್ಕಿದ್ಳೇನೋ?" ಅಂದಳು. ಅವತ್ತೇ ನನಗೆ ಗೊತ್ತಾಯಿತು, ಇದು ಓಡುತ್ತದೆ ಅಂತ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇವನೂ ಮೇಷ್ಟ್ರೇ ಆಗುತ್ತಿದ್ದ. ಯಾವ ಗುಣಕ್ಕೆ ನಾವು ಅವನನ್ನು ಮೆಚ್ಚುತ್ತೇವೋ ಅದರಿಂದಲೇ ಅವನಿಗೆ ಪೆಟ್ಟು ಬೀಳಬೇಕು. ಎಲ್ಲಿಂದ ಬೀಳಬೇಕು ಅನ್ನುವುದು ಮನೆಯಲ್ಲಿ ಕೂತರೆ ಹೊಳೆಯಲಿಲ್ಲ. ಡಿಪೋ ಹತ್ತಿರದ ಟೀ ಅಂಗಡಿಯಲ್ಲಿ ಎರಡು ವಾರ ಕೂತೆ. ಟೀ, ಬನ್ನಿಗೆ 600 ರೂಪಾಯಿ ಆಗಿರಬೇಕು. ಬರೆಯುವುದಕ್ಕೆ ಅಂತ ನಾನು ಖರ್ಚು ಮಾಡಿದ್ದರಲ್ಲಿ ಅಷ್ಟು ಗಿಟ್ಟಿದ್ದು ಬೇರೆ ಯಾವುದೂ ಇಲ್ಲ. ಚೆಕಿಂಗ್‌ನವರು ಬಸ್ಸು ಹತ್ತಿದರೆ ಕೊಟ್ಟ ಟಿಕೆಟ್‌ಗೂ ಬ್ಯಾಗಿನ ದುಡ್ಡಿಗೂ ತಾಳೆಯಾಗಬೇಕು. ಕಡಿಮೆ ಬಂದರೆ ತೊಂದರೆ, ಜಾಸ್ತಿ ಬಂದರೂ ತೊಂದರೆ. ಸಿಕ್ಕಿತಲ್ಲ! ಅಜ್ಜಿಯದು, ಕಾಲೇಜು ಹುಡುಗರದು ಅಂತ ಅವನು ಜೋಪಾನ ಮಾಡಿದ ಪೊಟ್ಟಣಗಳೇ ಅವನಿಗೆ ಮೆಮೊ, ಅಂದರೆ ಕಾರಣ ಕೇಳುವ ನೋಟಿಸು, ತಂದವು. ಅಲ್ಲಿಂದ ಮುಂದೆ 90 ಪುಟ ಒಂದೇ ತಿಂಗಳಲ್ಲಿ ಬಂತು.

ಆ ಪೆಟ್ಟು ಎಷ್ಟನೇ ಪುಟಕ್ಕೆ ಬೀಳಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಸುಮ್ನೆ ನೋಡೋಣ ಅಂತ ಇದೇ ಗುಣವನ್ನು ಒಬ್ಬ ಬಡ್ಡಿ ಸಾಹುಕಾರನಿಗೂ ಕೊಟ್ಟು ನೋಡಿದೆ. ಎರಡು ರೂಪಾಯಿ ವಾಪಸ್ ಕೊಡಲು ಸಾಲ ತಗೊಂಡವನ ಮನೆಗೆ ಮಳೆಯಲ್ಲಿ ನಡೆದುಕೊಂಡು ಬರುತ್ತಾನೆ. ಅದೇ ಜಗಲಿಯಲ್ಲಿ ಕೂತು ಹೊಲ ಬರೆಸಿಕೊಳ್ಳುತ್ತಾನೆ. ಓದಿದ ಐವರಲ್ಲಿ ನಾಲ್ವರಿಗೆ ಅವನು ಇಷ್ಟವಾದ. ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಆ ಕಥೆ ಇನ್ನೂ ಯಾರಿಗೂ ಕಳಿಸಿಲ್ಲ.

ಮಲ್ಲೇಶಪ್ಪನನ್ನು 300 ಪ್ರತಿ ಮಾತ್ರ ಹಾಕಿಸಿದ್ದೆ. 28 ಸಾವಿರ ಬಿತ್ತು. ಎಂಟು ತಿಂಗಳಲ್ಲಿ ಖಾಲಿ. ಎಲ್ಲಾ ಕಳೆದು 11 ಸಾವಿರ ಕೈಗೆ ಉಳಿಯಿತು ಅಂತ ನೆನಪು.

ಈಗ ಹೂ ಮಾರುವವಳೊಬ್ಬಳನ್ನು ಹಿಡಿದಿದ್ದೇನೆ. ಮೊಳ ಅಳೆಯುವಾಗ ನಾಲ್ಕು ಬೆರಳು ಜಾಸ್ತಿಯೇ ಬಿಡುತ್ತಾಳೆ. ಮೂವತ್ತು ಪುಟ ಆಗಿದೆ. ಆ ನಾಲ್ಕು ಬೆರಳಿಗೆ ಅವಳು ಏನು ತೆರಬೇಕು ಅನ್ನುವುದು ಇನ್ನೂ ಸಿಕ್ಕಿಲ್ಲ. ಶ್ರಾವಣದಲ್ಲಿ ಹೂವಿನ ರೇಟು ಏರಿದಾಗ ಮಾರ್ಕೆಟ್ಟಿನಲ್ಲಿ ಹೋಗಿ ಕೂರಬೇಕು.