ಹುಳು ಎಣಿಸುವ ಮೊದಲು ತಳ ನೋಡಿ: ಜಯಮಂಗಲಿಯ ಅನುಭವ

ನದಿ ನೀರಿನ ಗುಣ ತಿಳಿಯಲು ಅದರ ತಳದ ಹುಳುಗಳನ್ನು ಎಣಿಸುವವರು ಮೊದಲು ತಳ ಎಂಥದ್ದೆಂದು ಬರೆದುಕೊಳ್ಳಲೇಬೇಕು ಎಂಬುದು ನನ್ನ ಹಟ. ಅದಕ್ಕೆ ಕಾರಣ ಜಯಮಂಗಲಿ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿಯ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಈ ನದಿಯಲ್ಲಿ ವರ್ಷವಿಡೀ ನೀರಿರುವುದಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆಯೇ ನಾನು ಇಳಿಯುತ್ತೇನೆ. ಪ್ರವಾಹದ ಬೆನ್ನಿಗೇ ಹೋದರೆ ಹುಳುಗಳು ಕೊಚ್ಚಿಹೋಗಿರುತ್ತವೆ.

ಹತ್ತಿರ ಹತ್ತಿರವೇ ಕಲ್ಲು, ಮರಳು, ಹೂಳು ಮೂರೂ ಸಿಗುವ ಜಾಗವನ್ನು ಆರಿಸಿಕೊಂಡೆ. ನೀರು ಒಂದೇ, ತಳ ಮಾತ್ರ ಬೇರೆ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆಯನ್ನು ಹರಿವಿಗೆ ಬಾಯಿಕೊಟ್ಟು ಹಿಡಿದು, ಅದರ ಮುಂದಿನ ಒಂದು ಚದರ ಅಡಿ ತಳವನ್ನು ಕಾಲಿನಿಂದ ಕೆದಕುತ್ತೇನೆ. ಹೂಳಿರುವಲ್ಲಿ ಹರಿವು ಸಾಲದು; ಅಲ್ಲಿ ಅಷ್ಟೇ ಜಾಗದ ಕೆಸರನ್ನು ಡಬ್ಬಿಯಿಂದ ತೋಡಿ, ಅದೇ ಬಲೆಯಲ್ಲಿ ತೊಳೆಯುತ್ತೇನೆ. ಸಿಕ್ಕಿದ್ದೆಲ್ಲ ಬಿಳಿ ತಟ್ಟೆಗೆ. ಜೊತೆಗೆ ತಳದ ಒಂದು ಹಿಡಿ ಮಣ್ಣು: 2 ಮಿಲಿಮೀಟರ್ ಜರಡಿಯ ಮೇಲೆ ಉಳಿದದ್ದು ಜಲ್ಲಿ, ಕೆಳಗಿಳಿದದ್ದನ್ನು ನೀರಿನ ಬಾಟಲಿಯಲ್ಲಿ ಕುಲುಕಿ ಇಟ್ಟರೆ ಮರಳು ಬೇಗ ಕೂರುತ್ತದೆ, ಹೂಳು ಗಂಟೆಗಟ್ಟಲೆ ತೇಲುತ್ತದೆ.

ಕಲ್ಲುಗಳ ತಟ್ಟೆ ನನಗೆ ಯಾವಾಗಲೂ ಹಬ್ಬ. ಮೇಫ್ಲೈ ಎಂಬ ಕೀಟದ ಚಪ್ಪಟೆ ಮೈಯ ಮರಿಗಳು ಕಲ್ಲಿಗೆ ಅಂಟಿಕೊಂಡಿರುತ್ತವೆ. ಬಲೆ ನೇಯುವ ಕ್ಯಾಡಿಸ್ ಎಂಬ ಕೀಟದ ಮರಿಗಳು ಸಂದುಗಳಲ್ಲಿ ಹರಿದುಬರುವ ಆಹಾರಕ್ಕೆ ಕಾದಿರುತ್ತವೆ. ಅವುಗಳ ಬದುಕಿರುವುದೇ ಆ ಸಂದುಗಳಲ್ಲಿ. ನೀರು ಅಲ್ಲಿ ನುಗ್ಗಿ ಹರಿಯುವುದರಿಂದ ಆಮ್ಲಜನಕಕ್ಕೆ ಕೊರತೆಯಿಲ್ಲ. ಹೂಳು ಬಂದು ಸಂದು ತುಂಬಿದರೆ ಮನೆಯೂ ಹೋಯಿತು, ಉಸಿರೂ ಹೋಯಿತು. ಕ್ಯಾಡಿಸ್ ಮರಿಗಳ ನೂಲಿನ ಬಲೆಗಳೂ ಹೂಳಿನಿಂದ ಮುಚ್ಚಿಹೋಗುತ್ತವೆ. ಮರಳಿನಲ್ಲಿ ಜೀವಿಗಳು ವಿರಳ, ಏಕೆಂದರೆ ಕಾಲಡಿಯ ನೆಲವೇ ಸರಿಯುತ್ತಿರುತ್ತದೆ. ಅಲ್ಲಿ ಹೂತು ಕೂರುವ ಕೆಲವು ಏರೋಪ್ಲೇನ್ ಚಿಟ್ಟೆಯ ಮರಿಗಳು ಸಿಗುತ್ತವೆ. ಹೂಳಿನಲ್ಲಿ ಕೈರೊನೊಮಿಡ್ ಎಂಬ ಕಚ್ಚದ ಸೊಳ್ಳೆಯಂಥ ಕೀಟದ ಕೆಂಪು ಮರಿಗಳೂ ಎರೆಹುಳುವಿನ ಬಳಗದ ತೆಳ್ಳನೆಯ ಟ್ಯೂಬಿಫೆಕ್ಸ್ ಹುಳುಗಳೂ ತುಂಬಿರುತ್ತವೆ. ಆ ಕೆಂಪು, ಆಮ್ಲಜನಕವನ್ನು ಹಿಡಿದಿಡುವ ಹಿಮೋಗ್ಲೋಬಿನ್‌ನದು. ಆಮ್ಲಜನಕ ಕಡಿಮೆಯಿದ್ದರೂ ಅವು ಬದುಕಬಲ್ಲವು.

ಕೆಂಪು ಹುಳು ಕಂಡೊಡನೆ ಆಮ್ಲಜನಕವನ್ನು ಕುಗ್ಗಿಸುವ ಚರಂಡಿ ನೀರು ಸೇರಿದೆ ಎಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಮೇಲ್ಗಡೆ ಮರಳು ತೋಡಿ ಕದಡಿದ ಮಣ್ಣು ಇಲ್ಲಿ ಕೂತಿದ್ದರೂ ತಟ್ಟೆ ಹಾಗೆಯೇ ಕಾಣುತ್ತದೆ. ಮೇಫ್ಲೈ ಇದ್ದರೆ ತಳ ಚೊಕ್ಕಟ ಎನ್ನುವುದೂ ಅವಸರದ ಮಾತು: ಕೀನಿಸ್ ಎಂಬ ಮೇಫ್ಲೈಗೆ ಕಿವಿರುಗಳ ಮೇಲೆ ಮುಚ್ಚಳದಂಥ ಹೊದಿಕೆಯಿದ್ದು, ಅದು ಹೂಳಿನಲ್ಲೂ ಬಾಳುತ್ತದೆ. ಆದ್ದರಿಂದ ಎರಡು ಜಾಗಗಳನ್ನು ಹೋಲಿಸುವಾಗ ಕಲ್ಲಿನ ತಳವನ್ನು ಕಲ್ಲಿನ ತಳದೊಂದಿಗೆ, ಹೂಳನ್ನು ಹೂಳಿನೊಂದಿಗೆ ಮಾತ್ರ ಇಡುತ್ತೇನೆ.