ಗುಡ್ಡ ಸಣ್ಣದು, ಬಿಸಿಲು ದೊಡ್ಡದು: ಚಂದ್ರಂಪಳ್ಳಿ ಕಾಡಿಗೆ ಹೀಗೆ ಹೋಗಿ

ಕಲಬುರಗಿ ಎಂದರೆ ಬಿಸಿಲು, ತೊಗರಿ, ಫರ್ಸಿ ಕಲ್ಲು. ಇಲ್ಲೆಲ್ಲಿ ಕಾಡು, ಎಲ್ಲಿ ಚಾರಣ ಎಂದು ಬೆಂಗಳೂರಿನ ನೆಂಟರು ನಕ್ಕಾಗಲೆಲ್ಲ ನಾನು ಚಿಂಚೋಳಿಯ ಹೆಸರು ಹೇಳುತ್ತೇನೆ. ತೆಲಂಗಾಣದ ಗಡಿಗೆ ಅಂಟಿಕೊಂಡ ಈ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ಅದರ ನಡುವೆ ಗುಡ್ಡಗಳು ಸುತ್ತುವರಿದ ಚಂದ್ರಂಪಳ್ಳಿ ಜಲಾಶಯವಿದೆ. ಪಕ್ಕದ ಗುಡ್ಡ ಏರಿ ಆ ನೀರನ್ನು ಮೇಲಿನಿಂದ ನೋಡುವುದಷ್ಟೇ ನಮ್ಮ ಕಾರ್ಯಕ್ರಮ. ಹಗ್ಗ ಬೇಡ, ಕಸರತ್ತು ಬೇಡ. ಶಾಲೆಯ ಮಕ್ಕಳೂ ಏರುತ್ತಾರೆ, ಅರವತ್ತು ದಾಟಿದವರೂ ಏರುತ್ತಾರೆ.

ಮೊದಲ ಕೆಲಸ ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಹೇಳದೆ ಕೇಳದೆ ನುಗ್ಗುವಂತಿಲ್ಲ. ಚಿಂಚೋಳಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ. ಯಾವ ಗುಡ್ಡ ಏರಬಹುದು, ಯಾವ ದಾರಿ ಮುಚ್ಚಿದೆ, ಜೊತೆಗೆ ಯಾರಾದರೂ ಬರುತ್ತಾರಾ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಕಾಡಿನಲ್ಲಿ ದನ ತುಳಿದ ಜಾಡೂ ಕಾಲುದಾರಿಯಂತೆಯೇ ಕಾಣುತ್ತದೆ. ಊರು ಬಲ್ಲವರು ಒಬ್ಬರಿದ್ದರೆ ಅರ್ಧ ಚಿಂತೆ ಇಲ್ಲ.

ಎರಡನೆಯದು ತಿಂಗಳು. ನವೆಂಬರಿನಿಂದ ಜನವರಿ ನನ್ನ ಆಯ್ಕೆ. ಮಳೆ ನಿಂತು ಜಲಾಶಯದಲ್ಲಿ ನೀರಿರುತ್ತದೆ, ಗಿಡಗಳಲ್ಲಿ ಇನ್ನೂ ಹಸಿರಿರುತ್ತದೆ. ಫೆಬ್ರುವರಿ ಕೊನೆಗೆ ತೇಗ ಎಲೆ ಉದುರಿಸಿ ಬೋಳಾಗುತ್ತದೆ, ಮುತ್ತುಗ ಮಾತ್ರ ಬೆಂಕಿ ಹಚ್ಚಿಕೊಂಡಂತೆ ಅರಳುತ್ತದೆ. ಆ ಹೂವಿನ ಆಸೆಗೆ ಒಂದು ಸಲ ಹನ್ನೊಂದು ಗಂಟೆಗೆ ಗುಡ್ಡ ಹತ್ತಲು ಶುರುಮಾಡಿ, ಹೂ ಮರೆತು ನೆರಳು ಹುಡುಕಿದ್ದೇವೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಆಗ ಈ ಕಡೆ ತಲೆ ಹಾಕಬೇಡಿ.

ಹಾಗಾಗಿ ಇಡೀ ಚಾರಣವನ್ನು ಗಡಿಯಾರ ನೋಡಿ ಜೋಡಿಸಿಕೊಳ್ಳಬೇಕು. ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿ.ಮೀ. ಬಸ್ಸುಗಳಿವೆ. ಆದರೆ ಅಲ್ಲಿಂದ ಮುಂದೆ ಕಾಡಿನ ಕಡೆಗೆ ಸ್ವಂತ ಗಾಡಿಯೋ, ಮಾತಾಡಿಕೊಂಡ ಟಂಟಂ ಆಟೊವೋ ಇದ್ದರೆ ಒಳ್ಳೆಯದು. ಬರುವ ಬಾಡಿಗೆಯನ್ನೂ ಹೋಗುವಾಗಲೇ ಮಾತಾಡಿಬಿಡಿ. ಹಿಂದಿನ ರಾತ್ರಿ ಚಿಂಚೋಳಿಯಲ್ಲೇ ಉಳಿದರೆ ಬೆಳಗಿನ ತಂಪು ಪೂರ್ತಿ ನಿಮ್ಮದು. ಒಂಬತ್ತೂವರೆಗೆ ಮೇಲಿರಬೇಕು, ಹತ್ತೂವರೆಗೆ ಇಳಿಯುತ್ತಿರಬೇಕು. ಸಂಜೆಯ ಚಾರಣ ಬೇಡ. ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲಾಗುತ್ತದೆ, ತೋಳ, ಕತ್ತೆಕಿರುಬಗಳ ಹೊತ್ತು ಅದು.

ಚೀಲ ಹಗುರವಾಗಿರಲಿ. ತಲೆಗೆ ಎರಡು ಲೀಟರ್ ನೀರು ಮಾತ್ರ ಕಡಿಮೆ ಮಾಡಬೇಡಿ. ತಿನ್ನಲು ಕಟಕ್ ರೊಟ್ಟಿ (ಗರಿಗರಿ ಒಣ ಜೋಳದ ರೊಟ್ಟಿ), ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಉಳ್ಳಾಗಡ್ಡಿ. ಕೆಡುವುದಿಲ್ಲ, ಚೆಲ್ಲುವುದಿಲ್ಲ, ಪ್ಲಾಸ್ಟಿಕ್ ಪೊಟ್ಟಣದ ಗೊಡವೆಯೂ ಇಲ್ಲ. ತಲೆಗೆ ಟವೆಲ್, ಮೈತುಂಬ ಹತ್ತಿ ಬಟ್ಟೆ, ಕಾಲಿಗೆ ಹಲ್ಲಿರುವ ಅಡಿಯ ಬೂಟು. ಸೆಂಟು ಹಾಕಿಕೊಂಡು ಬರಬೇಡಿ, ಹೆಜ್ಜೇನಿಗೆ ಅದು ಸೇರುವುದಿಲ್ಲ. ಬೀಡಿ, ಸಿಗರೇಟು ಗಾಡಿಯಲ್ಲೇ ಇರಲಿ. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಏರುವಾಗ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಹುಡುಗರು ಮುಂದಾದರೆ ಹಿಂದಿನವರು ಏದುಸಿರು ಬಿಡುತ್ತಾ ಓಡಬೇಕಾಗುತ್ತದೆ. ಮಾತಾಡುತ್ತಾ ನಡೆಯಲು ಆಗುತ್ತಿದ್ದರೆ ನಡಿಗೆ ಸರಿಯಾಗಿದೆ. ಮಾತು ತುಂಡಾದರೆ ನಿಲ್ಲಿ, ನೀರು ಕುಡಿಯಿರಿ. ನಿಂತಲ್ಲಿ ಕಿವಿಗೊಟ್ಟರೆ ಪೊದೆಯಿಂದ ಗೌಜಿಗ ಹಕ್ಕಿಯ ಕೂಗು ಕೇಳಬಹುದು. ಹುಲ್ಲಿನಲ್ಲಿ ಕೈ ಹಾಕಬೇಡಿ, ಕಲ್ಲು ಎತ್ತಬೇಡಿ, ಹಾವಿದ್ದೀತು.

ಮೇಲೆ ಮುಟ್ಟಿದ ಮೇಲೆ ಐದು ನಿಮಿಷ ಫೋನು ತೆಗೆಯದೆ ಸುತ್ತಲೂ ನೋಡಿ. ಗುಡ್ಡಗಳ ನೆತ್ತಿಯೆಲ್ಲ ಕತ್ತರಿಸಿಟ್ಟಂತೆ ಚಪ್ಪಟೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದ ನೆಲವಿದು. ಆಮೇಲೆ ಮಳೆ, ಬಿಸಿಲಿಗೆ ಮೇಲ್ಪದರ ಕೊಳೆತು, ಕಬ್ಬಿಣದಂಶ ಉಳಿದು ಕೆಂಪು ಕಲ್ಲಾಯಿತು. ಬೀದರ್ ಕೋಟೆ ನಿಂತಿರುವುದೂ ಇಂಥದೇ ಕಲ್ಲಿನ ಮೇಲೆ. ನಡುವಿನ ಮೆತ್ತನೆ ಭಾಗವನ್ನು ಹಳ್ಳಗಳು ಕೊರೆದು ಹಾಕಿದವು. ಆ ಕೊರೆದ ತಗ್ಗಿನಲ್ಲೇ ಈಗ ನೀರು ನಿಂತಿದೆ. ಇದು ಗೊತ್ತಿದ್ದು ನೋಡಿದರೆ ನೋಟದ ರುಚಿಯೇ ಬೇರೆ. ಅಂಚಿಗೆ ಹೋಗಿ ಸೆಲ್ಫಿ ಮಾತ್ರ ಬೇಡ.

ಇಳಿಯುವುದಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಈ ಗುಡ್ಡಗಳ ಕೆಂಪು ಗರಸು ಕಾಲಡಿಯಲ್ಲಿ ಗೋಲಿಗಳಂತೆ ಉರುಳುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ಮೈ ಅಡ್ಡ ತಿರುಗಿಸಿ, ಸಣ್ಣ ಸಣ್ಣ ಹೆಜ್ಜೆ ಇಡಬೇಕು. ನಮ್ಮ ಕಾಕಾ ಹವಾಯಿ ಚಪ್ಪಲಿಯಲ್ಲಿ ಗುಡ್ಡವನ್ನು ಸಲೀಸಾಗಿ ಏರಿ, ಇಳಿಯುವಾಗ ಎರಡು ಸಲ ಕೂತೇ ಜಾರಿದರು. "ಏರಾದು ಸಸಾರ ಅದ, ಇಳಿಯಾದೇ ತ್ರಾಸ್ ಅದ ನೋಡವ್ವ" ಎಂದು ಧೋತರದ ಕೆಂಪು ಕೊಡವಿಕೊಂಡರು. ಮುಂದಿನ ಸಲದಿಂದ ಬೂಟು ಹಾಕಿಕೊಂಡು ಬರುತ್ತಿದ್ದಾರೆ. ಧೋತರ ಬಿಟ್ಟಿಲ್ಲ.